ಅಂಕಸಮುದ್ರದ ಲೆಕ್ಕ

ಆದವಾನಿ, ಆಲೂರು ಕಡೆಯವರಾದ ನಮಗೆ 1953ರ ಅಕ್ಟೋಬರ್ 1 ಮರೆಯದ ದಿನ. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅಂದು ಹೊಸ ಆಂಧ್ರ ರಾಜ್ಯಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಹೋಯಿತು. ಗಡಿ ಬಂದರೂ ತುಂಗಭದ್ರೆಯ ನೀರು ಎರಡೂ ಕಡೆ ಹರಿಯುತ್ತಲೇ ಇದೆ. ಹೊಸಪೇಟೆಯ ಅಣೆಕಟ್ಟಿನಿಂದ ಬರುವ ಎಲ್‌ಎಲ್‌ಸಿ ಕಾಲುವೆ ನಮ್ಮ ಸೀಮೆಯ ಹೊಲಗಳಿಗೆ ಆಸರೆ. ಅದೇ ಅಣೆಕಟ್ಟಿನ ಹಿನ್ನೀರಿನ ಕಡೆ ಇರುವ ಒಂದು ಕೆರೆಯ ಬಗ್ಗೆ ನಾವೂ ಮಕ್ಕಳೂ ತರಗತಿಯಲ್ಲಿ ಕೂತು ಒಂದು ಲೆಕ್ಕ ಹಾಕಿದೆವು.

ಆ ಕೆರೆ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ. ಶತಮಾನಗಳ ಹಿಂದೆ ಬೇಸಾಯಕ್ಕಾಗಿ ಕಟ್ಟಿದ ಊರ ಕೆರೆ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಆಯಿತು, 2024ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು. ವಿಸ್ತೀರ್ಣ 244 ಎಕರೆ. ಅಲ್ಲಿ ಗೂಡು ಕಟ್ಟುವ, ತಂಗುವ ನೀರುಹಕ್ಕಿಗಳು 30,000ಕ್ಕೂ ಹೆಚ್ಚು. ಭಾಗಿಸಿ ನೋಡಿದರೆ ಎಕರೆಗೆ ಸುಮಾರು 123 ಹಕ್ಕಿ! ಇಷ್ಟು ಹಕ್ಕಿಗಳಿಗೆ ಆ ಒಂದು ಕೆರೆ ಹೇಗೆ ಸಾಕಾಗುತ್ತದೆ ಎಂದು ಮಕ್ಕಳು ಕೇಳಿದರು.

ಉತ್ತರದ ಒಂದು ಭಾಗ ಹಕ್ಕಿಗಳ ಊಟದಲ್ಲಿದೆ. ಬಣ್ಣದ ಕೊಕ್ಕರೆ ಮೊಣಕಾಲುದ್ದ ನೀರಿನಲ್ಲಿ ನಿಂತು, ಕೊಕ್ಕು ತೆರೆದಿಟ್ಟು, ಮೀನು ತಾಗಿದೊಡನೆ ಹಿಡಿಯುತ್ತದೆ. ಬಿಳಿ ಕೆಂಬರಲು ತನ್ನ ಬಾಗಿದ ಕೊಕ್ಕಿನಿಂದ ಕೆಸರು ಕೆದಕಿ ಕಪ್ಪೆ, ಹುಳು ಹುಡುಕುತ್ತದೆ. ನೀರುಕಾಗೆ ಆಳಕ್ಕೆ ಮುಳುಗುತ್ತದೆ. ಮಲಗುವ ಮರ ಒಂದೇ ಆದರೂ ಉಣ್ಣುವ ಜಾಗ ಬೇರೆ ಬೇರೆ. ಹಿಕ್ಕೆ ನೀರಿಗೆ ಬಿದ್ದು ಪಾಚಿಗೆ ಗೊಬ್ಬರವಾಗುತ್ತದೆ, ಅದರಿಂದ ಹುಳುಗಳೂ ಮೀನುಗಳೂ ಬದುಕುತ್ತವೆ. ಮರದ ಸುತ್ತ ನಿಂತ ನೀರು ನರಿ, ಬೆಕ್ಕುಗಳನ್ನು ದೂರವಿಡುತ್ತದೆ.

ಇನ್ನೊಂದು ಭಾಗ ಕೆರೆಯ ಹೊರಗಿದೆ. ಹಕ್ಕಿಗಳು ಸುತ್ತಲಿನ ಗದ್ದೆ, ಹಿನ್ನೀರುಗಳಿಗೂ ಹಾರಿ ಹೋಗಿ ಮೇಯುತ್ತವೆ. ಅಂದರೆ ಎಕರೆಗೆ 123 ಎಂಬ ನಮ್ಮ ಲೆಕ್ಕ ಪೂರ್ತಿ ಅಲ್ಲ. ಮಲಗುವುದು 244 ಎಕರೆಯಲ್ಲಿ, ಉಣ್ಣುವುದು ಅದಕ್ಕಿಂತ ಎಷ್ಟೋ ದೊಡ್ಡ ನೆಲದಲ್ಲಿ.

ಯಾವ ಜೀವಿಯೂ ಮಿತಿಯಿಲ್ಲದೆ ಹೆಚ್ಚಲಾರದು ಎಂಬುದನ್ನು ಬೆಲ್ಜಿಯಂನ ವೆರ್ಹುಲ್ಸ್ಟ್ 1838ರಲ್ಲೇ ಗಣಿತದಿಂದ ತೋರಿಸಿದ್ದರು. ಹಕ್ಕಿಗೆ ಆ ಮಿತಿ ಗೂಡಿನ ಮರ ಇರಬಹುದು, ಮೀನು ಇರಬಹುದು, ಮರಿ ಹಾರುವವರೆಗೆ ನಿಲ್ಲಬೇಕಾದ ನೀರೂ ಇರಬಹುದು. ಯಾವುದು ಮೊದಲು ಮುಗಿಯುವುದೋ ಅದೇ ಮಿತಿ. ಮೇವು ಕಡಿಮೆಯಾದ ವರ್ಷ ಗೂಡಿನ ದೊಡ್ಡ ಮರಿ ಉಣ್ಣುತ್ತದೆ, ಚಿಕ್ಕದು ಸಾಯುತ್ತದೆ.

ನಮ್ಮ ರಾಜ್ಯದ ಕೊಲ್ಲೇರು ಸರೋವರದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಅಲ್ಲಿ ಮೀನು ಸಾಕಣೆಯ ಹೊಂಡಗಳು ಸರೋವರವನ್ನೇ ಆಕ್ರಮಿಸಿದ್ದವು. ಮೀನು ಬೇಕಾದಷ್ಟಿದ್ದರೂ ಆಳದ ಹೊಂಡದಲ್ಲಿ ಕೊಕ್ಕರೆ ನಿಲ್ಲಲಾರದು. 2006ರಲ್ಲಿ ಸರ್ಕಾರ ಆ ಹೊಂಡಗಳ ಕಟ್ಟೆಗಳನ್ನು ಒಡೆಸಬೇಕಾಯಿತು.

ಹಾಗಾಗಿ ಕೆರೆಗೆ ಬೇಲಿ ಹಾಕಿ ಹಕ್ಕಿ ಉಳಿಸಿದೆವು ಎಂದರೆ ಸಾಲದು. ಸುತ್ತಲಿನ ಗದ್ದೆ, ಕಾಲುವೆಗಳಲ್ಲಿ ಮೀನು, ಕಪ್ಪೆ ಇರುವವರೆಗೆ ಮಾತ್ರ ಆ 30,000 ಉಳಿದೀತು. ಗಡಿಯ ಈಚೆಯ ನಮ್ಮ ಕೆರೆಗಳಿಗೂ ಇದೇ ಲೆಕ್ಕ.

ಗೆಳೆಯರೇ, ನಿಮ್ಮ ಶಾಲೆಯ ಹತ್ತಿರದ ಕೆರೆಗೆ ತಿಂಗಳಿಗೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ. ಹಕ್ಕಿ ಎಷ್ಟು, ನೀರು ಎಲ್ಲಿಯವರೆಗೆ ಇದೆ, ಯಾವುದು ಏನು ತಿನ್ನುತ್ತಿದೆ ಎಂದು ತಾರೀಖಿನ ಸಮೇತ ಬರೆಸಿ. ಹತ್ತು ವರ್ಷ ಬರೆದರೆ ಆ ನೋಟ್‌ಬುಕ್ಕೇ ನಿಮ್ಮೂರ ಕೆರೆಯ ಚರಿತ್ರೆ ಆಗುತ್ತದೆ.