ತಲಾಕ್‌ನ ನಂತರವೂ ಅವಳು ತಂದೆಯ ಮಗಳೇ: ಹೆಸರಿನ ಒಂದು ಇತಿಹಾಸ

ದಾಂಪತ್ಯವು ಮುರಿದುಬಿದ್ದಾಗ ಮಹರ್, ಇದ್ದತ್, ಜೀವನಾಂಶ, ಮಕ್ಕಳ ಪಾಲನೆ ಮುಂತಾದ ವಿಚಾರಗಳ ಕುರಿತು ನಾವು ಚರ್ಚಿಸುತ್ತೇವೆ. ಹೆಸರಿನ ವಿಚಾರ ಮಾತ್ರ ನಮ್ಮ ಚರ್ಚೆಗಳಲ್ಲಿ ಬರುವುದೇ ಅಪರೂಪ. ಇದ್ದತ್ ಮುಗಿಸಿ ಹೊಸ ಬದುಕನ್ನು ಕಟ್ಟಿಕೊಳ್ಳಲು ಹೊರಟ ಸಹೋದರಿಯೊಬ್ಬಳ ಕೈಯಲ್ಲಿರುವ ದಾಖಲೆಗಳನ್ನು ಗಮನಿಸೋಣ. ಶಾಲೆಯ ಅಂಕಪಟ್ಟಿಯಲ್ಲಿ ಅವಳು ತಂದೆಯ ಹೆಸರಿನೊಂದಿಗಿದ್ದಾಳೆ. ಮದುವೆಯ ನಂತರ ತಿದ್ದಿಸಿದ ಆಧಾರ್ ಮತ್ತು ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರಿನೊಂದಿಗಿದ್ದಾಳೆ. ಈಗ ನೌಕರಿಗೆ ಅರ್ಜಿ ಹಾಕಬೇಕಾದರೆ ತಾನು ಒಬ್ಬಳೇ ವ್ಯಕ್ತಿ ಎಂಬುದನ್ನು ಅವಳೇ ಸಾಬೀತುಪಡಿಸಬೇಕು. ಈ ತೊಡಕು ಎಲ್ಲಿಂದ ಬಂತು? ಇದು ನಮ್ಮ ಧರ್ಮದ ಬಳುವಳಿಯೇ? ಇತಿಹಾಸವನ್ನು ಅವಲೋಕಿಸಿದರೆ ಉತ್ತರವು ಸ್ಪಷ್ಟವಾಗುತ್ತದೆ.

ಅರಬರಲ್ಲಿ ವ್ಯಕ್ತಿಯ ಗುರುತು ವಂಶದಿಂದ ಆಗುತ್ತಿತ್ತು. ಪುರುಷನು ಇಂಥವನ ‘ಬಿನ್’, ಅಂದರೆ ಮಗ. ಸ್ತ್ರೀಯು ಇಂಥವನ ‘ಬಿಂತ್’, ಅಂದರೆ ಮಗಳು. ಇಸ್ಲಾಮ್ ಈ ಪದ್ಧತಿಯನ್ನು ಉಳಿಸಿಕೊಂಡಿತು ಮಾತ್ರವಲ್ಲ, ಅದಕ್ಕೆ ಸತ್ಯದ ಭದ್ರ ತಳಹದಿಯನ್ನೂ ನೀಡಿತು. ಇದಕ್ಕೆ ನಿಮಿತ್ತವಾದವರು ಹ. ಝೈದ್(ರ). ಗುಲಾಮರಾಗಿ ಮಕ್ಕಾಕ್ಕೆ ಬಂದ ಅವರನ್ನು ಪ್ರವಾದಿ ಮುಹಮ್ಮದ್(ಸ) ವಿಮೋಚಿಸಿ ಮಗನಂತೆ ಸಾಕಿದ್ದರು. ಜನರು ಅವರನ್ನು ‘ಝೈದ್ ಬಿನ್ ಮುಹಮ್ಮದ್’ ಎಂದೇ ಕರೆಯುತ್ತಿದ್ದರು. ಆಗ ಅಲ್‌ಅಹ್‌ಝಾಬ್ ಅಧ್ಯಾಯದ ಐದನೆಯ ಸೂಕ್ತವು ಅವತೀರ್ಣಗೊಂಡು, ದತ್ತುಮಕ್ಕಳನ್ನು ಅವರ ನಿಜವಾದ ತಂದೆಯ ಹೆಸರಿನಿಂದಲೇ ಕರೆಯಬೇಕು, ಅಲ್ಲಾಹನ ಬಳಿ ಅದುವೇ ಹೆಚ್ಚು ನ್ಯಾಯಯುತವೆಂದು ಆದೇಶಿಸಿತು. ಝೈದ್(ರ) ಮತ್ತೆ ‘ಝೈದ್ ಬಿನ್ ಹಾರಿಸಾ’ ಆದರು. ಪ್ರೀತಿ ಎಷ್ಟೇ ಆಳವಾಗಿರಲಿ, ಅದು ವಂಶವನ್ನು ಅಳಿಸಲಾರದು ಎಂಬುದೇ ಇದರ ಪಾಠ.

ಅದೇ ಝೈದ್(ರ) ಅವರ ದಾಂಪತ್ಯದಲ್ಲಿ ನಮ್ಮ ವಿಷಯಕ್ಕೆ ನೇರ ನಿದರ್ಶನವಿದೆ. ಅವರ ವಿವಾಹವು ಹ. ಝೈನಬ್ ಬಿಂತ್ ಜಹ್‌ಶ್(ರ) ಅವರೊಂದಿಗೆ ನಡೆದಿತ್ತು. ಆ ಸಂಬಂಧವು ವಿಚ್ಛೇದನದಲ್ಲಿ ಕೊನೆಗೊಂಡಿತು. ಅನಂತರ ಅವರು ಪ್ರವಾದಿಯವರ(ಸ) ಪತ್ನಿಯಾಗಿ ವಿಶ್ವಾಸಿಗಳ ಮಾತೆಯೆಂಬ ಗೌರವಕ್ಕೆ ಪಾತ್ರರಾದರು. ಝೈದ್(ರ) ಅವರ ಮನೆಯಲ್ಲಿ ಅವರು ಜಹ್‌ಶ್‌ರ ಮಗಳಾಗಿದ್ದರು, ವಿಚ್ಛೇದನದ ನಂತರವೂ ಜಹ್‌ಶ್‌ರ ಮಗಳಾಗಿದ್ದರು, ಪ್ರವಾದಿಯವರ(ಸ) ಮನೆಯಲ್ಲಿಯೂ ಜಹ್‌ಶ್‌ರ ಮಗಳಾಗಿಯೇ ಉಳಿದರು. ಅವರ ಮೊದಲಿನ ಹೆಸರು ‘ಬರ್‍ರಾ’ ಎಂದಿತ್ತು, ಅಂದರೆ ಪುಣ್ಯವತಿ. ಅದರಲ್ಲಿ ಆತ್ಮಪ್ರಶಂಸೆಯ ಧ್ವನಿಯಿದ್ದುದರಿಂದ ಪ್ರವಾದಿಯವರು(ಸ) ‘ಝೈನಬ್’ ಎಂದು ಬದಲಾಯಿಸಿದರು. ಹೀಗೆ ಸ್ವಂತ ಹೆಸರು ಬದಲಾಗಬಹುದಿತ್ತು. ತಂದೆಯ ಹೆಸರು ಬದಲಾಗಲಿಲ್ಲ, ಅದಕ್ಕೆ ಪತಿಯ ಹೆಸರು ಸೇರಲೂ ಇಲ್ಲ, ಪ್ರವಾದಿಯೇ(ಸ) ಪತಿಯಾಗಿದ್ದರೂ ಸಹ. ಖದೀಜಾ ಬಿಂತ್ ಖುವೈಲಿದ್(ರ), ಆಯಿಶಾ ಬಿಂತ್ ಅಬೂಬಕರ್(ರ), ಹಫ್ಸಾ ಬಿಂತ್ ಉಮರ್(ರ) ಎಂಬ ಹೆಸರುಗಳೂ ಇದನ್ನೇ ಸಾರುತ್ತವೆ.

ಇನ್ನೊಬ್ಬ ಮಹಿಳೆ ಫಾತಿಮಾ ಬಿಂತ್ ಕೈಸ್(ರ). ಪತಿಯು ಅವರಿಗೆ ಅಂತಿಮ ತಲಾಕ್ ನೀಡಿದ್ದರು. ಪ್ರವಾದಿಯವರು(ಸ) ಅವರಿಗೆ ಅಂಧ ಸಹಾಬಿ ಇಬ್ನು ಉಮ್ಮಿ ಮಕ್ತೂಮ್(ರ) ಅವರ ಮನೆಯಲ್ಲಿ ಇದ್ದತ್ ಕಳೆಯಲು ಸೂಚಿಸಿದರು. ಇದ್ದತ್ ಮುಗಿದಾಗ ವಿವಾಹದ ಪ್ರಸ್ತಾಪಗಳು ಬಂದವು. ಪ್ರವಾದಿಯವರ(ಸ) ಸಲಹೆಯಂತೆ ಅವರು ಝೈದ್(ರ) ಅವರ ಪುತ್ರ ಉಸಾಮಾ(ರ) ಅವರನ್ನು ವರಿಸಿದರು ಮತ್ತು ಆ ದಾಂಪತ್ಯದಲ್ಲಿ ಒಳಿತನ್ನು ಕಂಡರು. ವಿಚ್ಛೇದಿತೆಯ ಇದ್ದತ್ ಮತ್ತು ಜೀವನಾಂಶದ ಕುರಿತು ಕರ್ಮಶಾಸ್ತ್ರಜ್ಞರು ಇಂದಿಗೂ ಚರ್ಚಿಸುವ ಹದೀಸ್ ಅವರಿಂದಲೇ ವರದಿಯಾಗಿದೆ. ಹದೀಸ್ ಗ್ರಂಥಗಳು ಅವರನ್ನು ಇಂಥವರ ಮಾಜಿ ಪತ್ನಿಯೆಂದು ಗುರುತಿಸುವುದಿಲ್ಲ, ಕೈಸ್‌ರ ಮಗಳೆಂದು ಗೌರವದಿಂದ ಹೆಸರಿಸುತ್ತವೆ.

ಮಕ್ಕಳ ವಿಷಯದಲ್ಲಿಯೂ ಇದೇ ನ್ಯಾಯ. ಹ. ಅಸ್ಮಾ ಬಿಂತ್ ಉಮೈಸ್(ರ) ಅವರ ಮೊದಲ ಪತಿ ಜಅ್‌ಫರ್(ರ) ಹಿಜರಿ 8ರಲ್ಲಿ ಮುಅ್‌ತಾ ಯುದ್ಧದಲ್ಲಿ ಹುತಾತ್ಮರಾದರು. ಅನಂತರ ಅಸ್ಮಾ(ರ) ಅವರು ಅಬೂಬಕರ್(ರ) ಅವರನ್ನೂ ಅವರ ನಿಧನಾನಂತರ ಅಲಿ(ರ) ಅವರನ್ನೂ ವಿವಾಹವಾದರು. ಮೂವರು ಪತಿಯರಿದ್ದರೂ ಅಸ್ಮಾ(ರ) ಅವರ ಹೆಸರು ಒಂದೇ ಆಗಿತ್ತು. ಅಬೂಬಕರ್(ರ) ಅವರಿಂದ ಹುಟ್ಟಿದ ಮಗನು ಅಲಿ(ರ) ಅವರ ಆಶ್ರಯದಲ್ಲಿ ಬೆಳೆದರೂ ಇತಿಹಾಸದಲ್ಲಿ ‘ಮುಹಮ್ಮದ್ ಬಿನ್ ಅಬೂಬಕರ್’ ಆಗಿಯೇ ಉಳಿದನು. ತಾಯಿಯ ಬದುಕು ಬದಲಾದಾಗ ಮಗುವಿನ ತಂದೆಯನ್ನು ಕಾಗದದಿಂದ ಅಳಿಸುವುದಕ್ಕೆ ಇಲ್ಲಿ ಅವಕಾಶವೇ ಇಲ್ಲ.

ಇದು ಮೊದಲ ತಲೆಮಾರಿಗೆ ಸೀಮಿತವಾಗಿರಲಿಲ್ಲ. 1497ರಲ್ಲಿ ನಿಧನರಾದ ಈಜಿಪ್ಟಿನ ವಿದ್ವಾಂಸ ಇಮಾಮ್ ಸಖಾವಿ ತಮ್ಮ ಬೃಹತ್ ಜೀವನಚರಿತ್ರಾ ಕೋಶದ ಕೊನೆಯ ಸಂಪುಟವನ್ನು ಸ್ತ್ರೀಯರಿಗೇ ಮೀಸಲಿಟ್ಟರು. ಸಾವಿರಕ್ಕೂ ಹೆಚ್ಚು ಮಹಿಳೆಯರ ವಿವರ ಅದರಲ್ಲಿದೆ. ವಿಚ್ಛೇದಿತರಾಗಿ ಮರುಮದುವೆಯಾದವರು ಅವರಲ್ಲಿ ಅನೇಕರು. ಅವರನ್ನೂ ಗುರುತಿಸಿರುವುದು ತಂದೆಯ ಹೆಸರಿನಿಂದಲೇ. ಉಸ್ಮಾನಿಯಾ ಸಾಮ್ರಾಜ್ಯದ ಖಾಝಿ ನ್ಯಾಯಾಲಯಗಳ ಕಡತಗಳಲ್ಲಿಯೂ ಆಸ್ತಿ ಮಾರುವ, ಮಹರ್ ಕೇಳುವ, ಖುಲಾ ಪಡೆಯುವ ಸ್ತ್ರೀಯು ‘ಬಿಂತ್’ ಆಗಿಯೇ ದಾಖಲಾಗಿದ್ದಾಳೆ. ಅವಳ ಹೆಸರಿನಲ್ಲಿ ಪತಿಯ ಹೆಸರು ಸೇರಿರಲಿಲ್ಲವಾದ್ದರಿಂದ ವಿಚ್ಛೇದನವಾದಾಗ ತೆಗೆದುಹಾಕಲು ಏನೂ ಇರಲಿಲ್ಲ.

ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಸ್ತ್ರೀಯನ್ನು ಪತಿಯ ಸಂಬಂಧದಿಂದ ಗುರುತಿಸುವುದೇ ನಿಷಿದ್ಧವೆಂದು ನಾವು ಹೇಳುತ್ತಿಲ್ಲ. ಪವಿತ್ರ ಕುರ್‌ಆನ್ ಇಮ್ರಾನರ ಪತ್ನಿ, ಫಿರ್‌ಔನನ ಪತ್ನಿ ಎಂದು ಪ್ರಸ್ತಾಪಿಸಿದೆ. ತಂದೆಯಲ್ಲದವನನ್ನು ತಂದೆಯೆಂದು ಹೇಳಿಕೊಳ್ಳುವುದನ್ನು ಹದೀಸ್ ಕಠಿಣವಾಗಿ ಎಚ್ಚರಿಸಿದೆ. ಪತಿಯ ಹೆಸರನ್ನು ಕೇವಲ ಗುರುತಿಗಾಗಿ ಸೇರಿಸಿಕೊಳ್ಳುವುದರ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದ್ದರಿಂದ ಹಾಗೆ ಸೇರಿಸಿಕೊಂಡ ಸಹೋದರಿಯರನ್ನು ದೂಷಿಸುವುದು ಸಲ್ಲದು. ಅದು ಶರೀಅತ್ ವಿಧಿಸಿದ ಕರ್ತವ್ಯವಲ್ಲ ಎಂಬುದಷ್ಟೇ ನಮ್ಮ ವಾದ.

ಹಾಗಾದರೆ ಹೆಸರು ಬದಲಾಯಿಸುವ ಪದ್ಧತಿಗೆ ಬಲ ಬಂದದ್ದು ಎಲ್ಲಿಂದ? ಇಂಗ್ಲೆಂಡಿನ ಹಳೆಯ ಕಾನೂನಿನ ಪ್ರಕಾರ ವಿವಾಹದೊಂದಿಗೆ ಪತಿ ಪತ್ನಿಯರು ಒಂದೇ ವ್ಯಕ್ತಿಯಾಗುತ್ತಿದ್ದರು, ಮತ್ತು ಆ ವ್ಯಕ್ತಿ ಪತಿಯೇ ಆಗಿದ್ದನು. ಪತ್ನಿಯ ಸಂಪಾದನೆ, ಚರಾಸ್ತಿ ಎಲ್ಲವೂ ಅವನ ವಶವಾಗುತ್ತಿದ್ದವು. 1870 ಮತ್ತು 1882ರ ಕಾಯ್ದೆಗಳ ಮೂಲಕವಷ್ಟೇ ಅಲ್ಲಿನ ವಿವಾಹಿತೆಗೆ ಸ್ವಂತ ಆಸ್ತಿಯ ಹಕ್ಕು ದೊರೆಯಿತು. ಅಮೆರಿಕದ ಲೂಸಿ ಸ್ಟೋನ್ 1855ರಲ್ಲಿ ವಿವಾಹವಾದಾಗ ತಮ್ಮ ಹೆಸರನ್ನು ಬಿಡಲೊಪ್ಪಲಿಲ್ಲ. ಅದೇ ಕಾರಣಕ್ಕೆ 1879ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶಾಲಾ ಸಮಿತಿಯ ಚುನಾವಣೆಗೆ ಮತದಾರರಾಗಿ ನೋಂದಾಯಿಸಲು ಅವರಿಗೆ ಅವಕಾಶ ಸಿಗಲಿಲ್ಲ. ಮುಸ್ಲಿಮರೇ ಬಹುಸಂಖ್ಯಾತರಾಗಿರುವ ತುರ್ಕಿಯಲ್ಲಿಯೂ 1926ರಲ್ಲಿ ಸ್ವಿಟ್ಜರ್‌ಲೆಂಡಿನ ಮಾದರಿಯ ನಾಗರಿಕ ಸಂಹಿತೆ ಬಂದು, 1934ರಲ್ಲಿ ಕುಟುಂಬನಾಮ ಕಡ್ಡಾಯವಾಯಿತು. ಪತ್ನಿಯು ಪತಿಯ ಕುಟುಂಬನಾಮ ಹೊರಬೇಕೆಂಬ ನಿಯಮವನ್ನು ಅಲ್ಲಿನ ಸಂವಿಧಾನ ನ್ಯಾಯಾಲಯವು ರದ್ದುಪಡಿಸಿದ್ದು 2023ರಲ್ಲಿ. ಆರಂಭದಿಂದಲೂ ತನ್ನ ಮಹರ್‌ಗೆ, ತನ್ನ ಆಸ್ತಿಗೆ, ತನ್ನ ಹೆಸರಿಗೆ ತಾನೇ ಒಡತಿಯಾಗಿದ್ದ ಮುಸ್ಲಿಮ್ ಸ್ತ್ರೀಗೆ ಈ ಹೊರೆಯು ಹೊರಗಿನಿಂದ ಬಂದದ್ದು.

ನಮ್ಮ ನಾಡಿನ ಪಹಣಿ, ಕ್ರಯಪತ್ರಗಳಲ್ಲಿ ಎಲ್ಲ ಸಮುದಾಯದವರಿಗೂ ‘ಬಿನ್’ ಎಂಬ ಅರಬಿ ಪದವೇ ಬಳಕೆಯಲ್ಲಿದೆ. ಅದೇ ಕಾಗದಗಳಲ್ಲಿ ವಿವಾಹಿತೆಯು ‘ಕೋಂ’ ಎಂಬ ಪದದೊಂದಿಗೆ ಗಂಡನ ಹೆಸರಿನ ಜೊತೆ ಬರುತ್ತಾಳೆ. ಆದರೆ ವಿವಾಹವಾದಾಗ ಹೆಸರು ಬದಲಾಯಿಸಲೇಬೇಕೆಂದು ಭಾರತದ ಯಾವ ಕಾನೂನೂ ಹೇಳುವುದಿಲ್ಲ. ಬದಲಾಯಿಸಿದವರು ವಿಚ್ಛೇದನದ ನಂತರ ಹಿಂದಿನ ಹೆಸರಿಗೆ ಮರಳಬೇಕಾದರೆ ಪ್ರಮಾಣಪತ್ರ, ಪತ್ರಿಕಾ ಪ್ರಕಟಣೆ, ರಾಜಪತ್ರದ ಪ್ರಕಟಣೆ ಎಂಬ ಹಂತಗಳನ್ನು ದಾಟಬೇಕಾಗುತ್ತದೆ. 2016ರ ಡಿಸೆಂಬರ್‌ನಲ್ಲಿ ಪಾಸ್‌ಪೋರ್ಟ್ ನಿಯಮಗಳು ಸಡಿಲಗೊಂಡು, ವಿಚ್ಛೇದಿತರು ಅರ್ಜಿಯಲ್ಲಿ ಸಂಗಾತಿಯ ಹೆಸರು ನಮೂದಿಸುವ ಅಗತ್ಯ ಇಲ್ಲವಾಯಿತು. ಆದರೆ ವಿವಾಹಪೂರ್ವದ ಹೆಸರಿಗೆ ಮರಳಬಯಸುವ ಮಹಿಳೆಯು ವಿಚ್ಛೇದನ ತೀರ್ಪಿನ ಪ್ರತಿಯನ್ನಾಗಲೀ ಪತಿಯ ನಿರಾಕ್ಷೇಪಣಾ ಪತ್ರವನ್ನಾಗಲೀ ನೀಡಬೇಕೆಂಬ ಕೇಂದ್ರ ಸರಕಾರದ ಅಧಿಸೂಚನೆಯನ್ನು 2024ರಲ್ಲಿ ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಬೇಕಾಯಿತು. ಬಿಟ್ಟುಹೋದವನ ಅನುಮತಿಯಿಂದ ತಂದೆಯ ಹೆಸರನ್ನು ಮರಳಿ ಪಡೆಯುವುದೆಂದರೆ ಎಂಥ ವಿಪರ್ಯಾಸ!

ಆದ್ದರಿಂದ ನಮ್ಮ ಮುಂದೆ ಕೆಲವು ಹೊಣೆಗಳಿವೆ. ನಿಕಾಹ್‌ನ ಸಂಭ್ರಮದಲ್ಲಿ ಮಗಳ ದಾಖಲೆಗಳನ್ನು ತಿದ್ದಿಸಲು ಅವಸರಪಡದಿರೋಣ. ತಲಾಕ್ ಅಥವಾ ಖುಲಾ ನಡೆದಾಗ ಜಮಾಅತ್‌ಗಳು ಅದನ್ನು ದಿನಾಂಕ, ಸಾಕ್ಷಿ, ಸಹಿಗಳೊಂದಿಗೆ ಬರೆದಿಟ್ಟು ಅದರ ಪ್ರತಿಯನ್ನು ಸ್ತ್ರೀಯ ಕೈಗೂ ನೀಡಲಿ. ಜಮಾಅತ್‌ನ ಪತ್ರವನ್ನು ಕಚೇರಿಗಳು ಒಪ್ಪದಿದ್ದಾಗ, 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯನ್ವಯ ವೈವಾಹಿಕ ಸ್ಥಿತಿಯ ಘೋಷಣೆಯನ್ನು ಕೋರುವ ದಾರಿಯಿದೆ. ಆ ದಾರಿಯಲ್ಲಿ ಅವಳೊಬ್ಬಳನ್ನೇ ಅಲೆದಾಡಲು ಬಿಡದೆ ತಂದೆ, ಸಹೋದರರು ಜೊತೆ ನಿಲ್ಲಲಿ. ಮಾಜಿ ಪತಿಯೂ ಕೇಳಿದ ಕಾಗದಕ್ಕೆ ಸಹಿ ಹಾಕಲು ಸತಾಯಿಸದಿರಲಿ. ಪತ್ನಿಯನ್ನು ಬೀಳ್ಕೊಡುವುದಾದರೆ ಸೌಜನ್ಯದಿಂದ ಬೀಳ್ಕೊಡಬೇಕೆಂಬ ಕುರ್‌ಆನಿನ ಆದೇಶವು ಕಾಗದಪತ್ರಗಳಿಗೂ ಅನ್ವಯಿಸುತ್ತದೆ.

ಪರಲೋಕದಲ್ಲಿ ನಮ್ಮನ್ನು ನಮ್ಮ ಹೆಸರುಗಳಿಂದಲೂ ನಮ್ಮ ತಂದೆಯರ ಹೆಸರುಗಳಿಂದಲೂ ಕರೆಯಲಾಗುವುದೆಂದು ಹದೀಸ್ ಒಂದರಲ್ಲಿ ಬಂದಿದೆ. ಅಲ್ಲಿ ಉಳಿಯುವ ಹೆಸರನ್ನು ಇಲ್ಲಿ ಮರಳಿ ಪಡೆಯಲು ಹೆಣಗುವ ಸಹೋದರಿಯರಿಗೆ ನೆರವಾಗುವ ಸದ್ಬುದ್ಧಿಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.