ನಮ್ಮೂರಿನ ಕುಟುಂಬಗಳು: ಅಂದು – ಇಂದು

ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಲೆಕ್ಕಪತ್ರದ ವಿಷಯ ತಿಳಿದವರು ಬರೆಯುತ್ತಾರೆ. ನಾವು ಸದಸ್ಯರ ಮನೆಗಳ ಚರಿತ್ರೆ ಸ್ವಲ್ಪ ಬರೆಯುವ ಎಂದುಕೊಂಡೆವು.

ಹಿಂದೆ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಲ್ಲಿ ಅಳಿಯಸಂತಾನ ಪದ್ಧತಿಯಿತ್ತು. ಆಸ್ತಿ ಕುಟುಂಬದ್ದು, ಯಜಮಾನಿಕೆ ಸೋದರಮಾವನದ್ದು. ಅಕ್ಕತಂಗಿಯರ ಮಕ್ಕಳೆಲ್ಲ ಒಟ್ಟಿಗೆ ಉಂಡು ಬೆಳೆದವರು. ಕ್ರೈಸ್ತರ ಮನೆಗಳಲ್ಲಿಯೂ ಏಳೆಂಟು ಮಕ್ಕಳಿರುವುದು ಹೊಸತಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಕೂಡುಕುಟುಂಬಗಳು ಪಾಲಾಗುತ್ತಾ ಹೋದವು. 1974ರ ಭೂಮಸೂದೆಯಿಂದ ಒಕ್ಕಲುಗಳಿಗೆ ಡಿಕ್ಲರೇಶನಿನ ಜಾಗ ಸಿಕ್ಕಿತು. ಅದು ದೊಡ್ಡ ಉಪಕಾರವೇ ಸರಿ. ಆದರೆ ಆ ತುಂಡು ಗದ್ದೆಯನ್ನು ಆರು ಮಕ್ಕಳಿಗೆ ಪಾಲು ಮಾಡುವುದು ಹೇಗೆ? ಎರಡು ಸಾಕೆಂದು ನಮ್ಮವರಿಗೆ ಕಂಡದ್ದು ಗೋಡೆಯ ಕೆಂಪು ತ್ರಿಕೋನ ನೋಡಿ ಮಾತ್ರ ಅಲ್ಲ. ಹೆಣ್ಣುಮಕ್ಕಳು ಶಾಲೆ ಕಲಿತರು, ಹೆರಿಗೆ ಆಸ್ಪತ್ರೆಯಲ್ಲಾಯಿತು, ಹುಟ್ಟಿದ ಮಗು ಬದುಕುತ್ತದೆಂಬ ಧೈರ್ಯ ಬಂತು. ಗಂಡಸರು ಮೊದಲು ಮುಂಬಯಿಗೆ, ಆಮೇಲೆ ಗಲ್ಫಿಗೆ ಹೋದರು.

2001ರಿಂದ 2011ರ ವರೆಗೆ ರಾಜ್ಯದ ಜನಸಂಖ್ಯೆ ನೂರಕ್ಕೆ 15ಕ್ಕಿಂತ ಹೆಚ್ಚು ಏರಿದರೆ ಉಡುಪಿ ಜಿಲ್ಲೆಯದ್ದು 6ನ್ನೂ ಮುಟ್ಟಲಿಲ್ಲ. ಊರು ಬಿಟ್ಟವರ ಲೆಕ್ಕವೂ ಇದರಲ್ಲಿ ಸೇರಿದೆ. ಜನಸಂಖ್ಯೆ ಕಡಿಮೆಯಾಗದೆ ನಿಲ್ಲಬೇಕಾದರೆ ಒಬ್ಬ ತಾಯಿಗೆ ಸರಾಸರಿ 2.1 ಮಕ್ಕಳು ಬೇಕಂತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಅದು 1.7. ಜಪಾನಿನ ಸುದ್ದಿ ಎಂದು ಪೇಪರಿನಲ್ಲಿ ಓದಿದ್ದು ನಮ್ಮ ಅಂಗಳಕ್ಕೇ ಬಂತು.

ನಮಗೆ ಇದು ಗೊತ್ತಾಗುವುದು ಮಲ್ಲಿಗೆಯಲ್ಲಿ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಿಸಬೇಕು. ಇದು ಯಂತ್ರದ ಕೆಲಸವಲ್ಲ. ಶಾಲೆಗೆ ಹೋಗುವ ಮೊದಲು ಮಕ್ಕಳು ಕೊಯ್ದು, ಅಜ್ಜಿ, ಅತ್ತೆ, ಸೊಸೆ ಕೂತು ಕಟ್ಟಿದ ಹೂವಿನಿಂದಲೇ ಎಷ್ಟೋ ಮನೆಗಳ ಫೀಸು, ಮದುವೆ ಎಲ್ಲ ನಡೆದದ್ದು. ಹಾಗೆ ಕಲಿತ ಮಕ್ಕಳು ಗಿಡ ಬಿಟ್ಟು ದೂರ ಹೋದದ್ದೂ ಸಹಜವೇ. ಅವರನ್ನು ದೂರುವವರು ನಾವಲ್ಲ. ಹೆಚ್ಚು ಮಕ್ಕಳನ್ನು ಹೆರಿ ಎಂದು ಸೊಸೆಯಂದಿರಿಗೆ ಹೇಳುವ ಹಕ್ಕೂ ನಮಗಿಲ್ಲ. ಹೆತ್ತು ಸಾಕುವ ಕಷ್ಟ ಅವರದ್ದು.

ಈಗ ಕೆಲವು ಮನೆಗಳಲ್ಲಿ ಗಂಡಹೆಂಡತಿ ಇಬ್ಬರೇ. ಕಟ್ಟಲು ಜನ ಸಿಗದೆ ಗಿಡ ಕಡಿಮೆ ಮಾಡಿದವರಿದ್ದಾರೆ, ಚೆಂಡಿಗೆ ಇಷ್ಟೆಂದು ಮಜೂರಿ ಕೊಟ್ಟು ನೆರೆಮನೆಯಲ್ಲಿ ಕಟ್ಟಿಸುವವರೂ ಇದ್ದಾರೆ. ಹೀಗೆ ಕಟ್ಟಿಕೊಡುವ ಹೆಂಗಸರನ್ನು ಸಂಘದ ಸದಸ್ಯರನ್ನಾಗಿ ಮಾಡಿಕೊಳ್ಳಬೇಕೆಂದು ನಮ್ಮ ಅಭಿಪ್ರಾಯ. ಪಾಲು ಬಂಡವಾಳದ ಪುಸ್ತಕದಲ್ಲಿ ನಾಮಿನಿಯ ಹೆಸರಿನ ಎದುರು ಮುಂಬಯಿ, ದುಬಾಯಿ ವಿಳಾಸಗಳು ಹೆಚ್ಚಾಗುತ್ತಿವೆ. ಮುಂದಿನ ಮಹಾಸಭೆಯಲ್ಲಿ ಕುರ್ಚಿಯಲ್ಲಿ ಕೂರುವವರು ಆ ನಾಮಿನಿಗಳೋ, ಹೂ ಕಟ್ಟುವವರೋ, ಸದಸ್ಯರೇ ತೀರ್ಮಾನಿಸಬೇಕು.