ಆಟದ ಯಂತ್ರದ ಮೊದಲ ದನಿ

ಮನೆಯವರೆಲ್ಲ ಮಲಗಿದ ಮೇಲೆ ವಿಡಿಯೋ ಆಟದ ಯಂತ್ರಕ್ಕೆ ಚಾಲನೆ ಕೊಡುತ್ತೀರಿ. ಟೀವಿಯ ಸದ್ದನ್ನು ಪೂರ್ತಿ ತಗ್ಗಿಸಿದ್ದರೂ ಯಂತ್ರ ಮಾತ್ರ ತನ್ನ ಹೊಟ್ಟೆಯೊಳಗಿಂದ 'ಬೀಪ್' ಎಂದುಬಿಡುತ್ತದೆ! ಈ ದನಿಯನ್ನು ಅಡಗಿಸುವ ಅಧಿಕಾರ ಯಾರದು? ಇದಕ್ಕೂ ಒಂದು ಚಿಕ್ಕ ಇತಿಹಾಸವುಂಟು.

ಜಪಾನಿನ ನಿಂಟೆಂಡೊ ಸಂಸ್ಥೆ 1989ರ ಏಪ್ರಿಲ್‌ನಲ್ಲಿ 'ಗೇಮ್ ಬಾಯ್' ಎಂಬ ಕೈಯಲ್ಲಿ ಹಿಡಿಯುವ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಸ್ವಿಚ್ ಸರಿಸಿದರೆ ಸಂಸ್ಥೆಯ ಹೆಸರು ಪರದೆಯ ಮೇಲಿನಿಂದ ಮೆಲ್ಲನೆ ಇಳಿದು, ನಡುವೆ ನಿಂತೊಡನೆ ಎರಡು ಸ್ವರಗಳು ಕೇಳಿಸುತ್ತಿದ್ದವು. ಮೊದಲನೆಯದು ಸೆಕೆಂಡಿಗೆ ಸುಮಾರು 1048 ಕಂಪನಗಳದು, ಎರಡನೆಯದು ಸುಮಾರು 2080. ಸಂಗೀತ ಕಲಿತವರು ಇದನ್ನು ಷಡ್ಜದಿಂದ ಮೇಲಿನ ಷಡ್ಜಕ್ಕೆ ಜಿಗಿದಂತೆ ಎಂದಾರು. ಈ ಸ್ವಾಗತದ ಆದೇಶಗಳೆಲ್ಲ ಅಡಗಿದ್ದುದು ಬರೇ 256 ಬೈಟ್‌ಗಳಲ್ಲಿ. ಇಂದಿನ ಗಣಕ ಪದ್ಧತಿಯಲ್ಲಿ ಅಷ್ಟು ಜಾಗದಲ್ಲಿ ನೂರು ಕನ್ನಡ ಅಕ್ಷರಗಳೂ ಹಿಡಿಸವು.

ಆ ಹೆಸರು ಕೇವಲ ಅಲಂಕಾರವಲ್ಲ. ಅದನ್ನು ಆಟದ ಕಾರ್ಟ್ರಿಜ್‌ನಿಂದ ಓದಿ, ಯಂತ್ರದೊಳಗಿನ ಪ್ರತಿಯೊಡನೆ ತಾಳೆ ನೋಡಲಾಗುತ್ತಿತ್ತು. ತಾಳೆಯಾಗದಿದ್ದರೆ ಆಟ ಆರಂಭವಾಗದು. ಪರವಾನಗಿಯಿಲ್ಲದೆ ಆಟ ತಯಾರಿಸುವವರಿಗೆ ಹಾಕಿದ ಬೇಲಿ ಅದು. ದನಿ ಕೇಳಿಸಿತೆಂದರೆ ಪರೀಕ್ಷೆ ಮುಗಿಯಿತೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ದನಿ ಮೊದಲು, ಪರೀಕ್ಷೆ ಆಮೇಲೆ. ಆದರೆ ದನಿಯ ಲಗಾಮು ಆಡುವವರ ಬೆರಳಲ್ಲೇ ಇತ್ತು. ಪಕ್ಕದ ಪುಟ್ಟ ಚಕ್ರ ತಿರುಗಿಸಿದರೆ ಎಲ್ಲವೂ ಮೌನ.

1994ರಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್ ಯಂತ್ರದ ಆರಂಭದ ದನಿ ವಾದ್ಯಮೇಳದಂತೆ ಗಂಭೀರವಾಗಿತ್ತು. ರಚಿಸಿದವರು ತಕಾಫುಮಿ ಫುಜಿಸಾವಾ. 2001ರ ಗೇಮ್‌ಕ್ಯೂಬ್‌ನಲ್ಲಿ ತಮಾಷೆಯೂ ಸೇರಿತು. ನಿಯಂತ್ರಕದ 'ಝಡ್' ಗುಂಡಿಯನ್ನು ಒತ್ತಿಹಿಡಿದು ಚಾಲನೆ ಕೊಟ್ಟರೆ ದನಿ ಬದಲಾಗಿ ಮಗುವಿನ ನಗು ಕೇಳಿಸುತ್ತಿತ್ತು! ಇವೆಲ್ಲ ಟೀವಿಯ ಮೂಲಕ ಹೊಮ್ಮುತ್ತಿದ್ದವು, ಟೀವಿಯನ್ನು ತಗ್ಗಿಸಿದರೆ ಸಾಕಿತ್ತು.

ತೊಡಕಾದದ್ದು ಯಂತ್ರಕ್ಕೇ ಸ್ವಂತ ಬೀಪ್ ಬಂದ ಮೇಲೆ. ಅದಕ್ಕೆ ಟೀವಿಯ ಹಂಗಿಲ್ಲ. 2020ರ ನವೆಂಬರ್‌ನಲ್ಲಿ ಬಂದ ಪ್ಲೇಸ್ಟೇಷನ್ 5ರಲ್ಲಿ ಈ ಬೀಪನ್ನು ತಗ್ಗಿಸುವ ಆಯ್ಕೆ ಮೊದಲಿಗೆ ಇರಲಿಲ್ಲ. ಹಾಗೆಂದು ದನಿಯನ್ನೇ ಕಿತ್ತುಹಾಕಬೇಕೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಕಣ್ಣು ಕಾಣದ ಆಟಗಾರರಿಗೆ ಯಂತ್ರ ಎಚ್ಚೆತ್ತಿತೆಂದು ತಿಳಿಸುವುದು ಅದೊಂದೇ ಬೀಪ್ ಇರಬಹುದು. 2023ರಲ್ಲಿ ಬಂದ ತಂತ್ರಾಂಶದಲ್ಲಿ ಅದನ್ನು ತಗ್ಗಿಸುವ, ಬೇಡವಾದರೆ ಅಡಗಿಸುವ ಆಯ್ಕೆ ದೊರೆಯಿತು. ಗೇಮ್ ಬಾಯ್‌ನ ಪುಟ್ಟ ಚಕ್ರ ಮಾಡುತ್ತಿದ್ದ ಕೆಲಸಕ್ಕೆ ಅಲ್ಲಿ ಸೆಟ್ಟಿಂಗ್ಸ್ ಪಟ್ಟಿಯೊಳಗೆ ಇಳಿಯಬೇಕು, ಅಷ್ಟೆ.